ಮುದ್ದಮ್ಮನ ಕೆಂದಿಗೆ ಒಂದು ಸಾಲು

ಹಾಸನದ ಜಾನುವಾರು ಗಣಕ ಕೋಶದ ಮುಖ್ಯಸ್ಥರಿಗೆ

ಮಾನ್ಯರೇ,

ತಮ್ಮ ಕೋಷ್ಟಕಕ್ಕೆ ಒಂದು ಸಾಲು ಸೇರಿಸಿ. ನೂರಲ್ಲ, ಹತ್ತಲ್ಲ, ಒಂದು. ಚನ್ನರಾಯಪಟ್ಟಣ ತಾಲ್ಲೂಕು, ಮರಡಿಕೊಪ್ಪಲು ಗ್ರಾಮ, ಮಾಲೀಕರು ಮುದ್ದಮ್ಮ, ಹಸುವಿನ ಹೆಸರು ಕೆಂದಿ, ಬಣ್ಣ ಕೆಂಪು, ವಯಸ್ಸು ಐದು. ಇಷ್ಟನ್ನು ಟೈಪು ಮಾಡಲು ನನ್ನ ತರಗತಿಯ ಅತಿ ಸೋಮಾರಿ ವಿದ್ಯಾರ್ಥಿಗೂ ಅರ್ಧ ನಿಮಿಷ ಸಾಕು. ತಮ್ಮ ಕಚೇರಿಗೆ ಐದು ತಿಂಗಳೂ ಸಾಕಾಗಿಲ್ಲ. ಬರುವ ತಿಂಗಳು ಹನ್ನೆರಡನೇ ತಾರೀಖಿಗೆ ಕಾಲುಬಾಯಿ ಜ್ವರದ ಲಸಿಕೆ ಗಾಡಿ ಮತ್ತೆ ನಮ್ಮೂರಿಗೆ ಬರುತ್ತದೆ. ಕೋಷ್ಟಕದಲ್ಲಿ ಸಾಲಿಲ್ಲದ ರಾಸಿಗೆ ಸೂಜಿಯಿಲ್ಲ ಎಂಬುದು ತಮ್ಮದೇ ನಿಯಮ. ಹಾಗಾದರೆ ಅಷ್ಟರೊಳಗೆ ಆ ಸಾಲು ಸೇರಬೇಕಲ್ಲವೇ? ಅರ್ಜಿಯಲ್ಲಿ ಕೇಳಿದೆ, ಫೋನಿನಲ್ಲಿ ಕೇಳಿದೆ, ತಮ್ಮ ಕಚೇರಿಯ ಒಂದು ಕಾಲು ಮುರಿದ ಬೆಂಚಿನ ಮೇಲೆ ಕೂತು ಕೇಳಿದೆ. ಈಗ ಪತ್ರಿಕೆಯಲ್ಲಿ, ಊರೆಲ್ಲ ಓದುವ ಹಾಗೆ ಕೇಳುತ್ತಿದ್ದೇನೆ.

ಕೇಳಲು ನೀನ್ಯಾರು ಎಂಬ ಪ್ರಶ್ನೆ ತಮ್ಮ ಕಚೇರಿಯಲ್ಲಿ ಎರಡು ಸಲ ಬಂದಿರುವುದರಿಂದ ಅದನ್ನೂ ಹೇಳಿಬಿಡುತ್ತೇನೆ. ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಹಿಂದೆ, ತೆಂಗಿನಕಾಯಿ ಮಂಡಿಗಳ ಬೀದಿಯಲ್ಲಿ, ರಸಗೊಬ್ಬರದ ಅಂಗಡಿಯ ಮೇಲ್ಮಹಡಿಯಲ್ಲಿ ಕಂಪ್ಯೂಟರ್ ತರಗತಿ ನಡೆಸುವ ಬ್ರಾಹ್ಮಿ ನಾನು. ಹದಿನೇಳು ವರ್ಷದಿಂದ ಡಿಗ್ರಿ ಓದುವ ಮಕ್ಕಳಿಗೆ ಎಸ್‌ಕ್ಯುಎಲ್ ಕಲಿಸುತ್ತಿದ್ದೇನೆ. ಕೋಷ್ಟಕಕ್ಕೆ ಸಾಲು ಸೇರಿಸುವುದು ನನ್ನ ಎರಡನೇ ವಾರದ ಪಾಠ. ಹೊಳೆನರಸೀಪುರದಿಂದ, ಅರಕಲಗೂಡಿನಿಂದ ಬಸ್ಸು ಹತ್ತಿ ಬಂದು ಕಲಿತು ಹೋದವರಿದ್ದಾರೆ. ತಮ್ಮ ಕಚೇರಿಯಿಂದ ಮಾತ್ರ ಇದುವರೆಗೆ ಯಾರೂ ಬಂದಿಲ್ಲ. ತಮಗಾಗಿ ಶುಲ್ಕವನ್ನೇ ಬಿಡಲು ಸಿದ್ಧಳಿದ್ದೇನೆ.

ಕಥೆ ಶುರುವಾದದ್ದು ತಮ್ಮ ಸುತ್ತೋಲೆಯಿಂದ. ಪ್ರತಿ ಗ್ರಾಮದವರೂ ತಮ್ಮ ರಾಸುಗಳ ಪಟ್ಟಿಯನ್ನು ಕೈಬರಹದಲ್ಲಿ ಬರೆದು ಜೂನ್ ಹತ್ತರೊಳಗೆ ಹಾಸನಕ್ಕೆ ಮುಟ್ಟಿಸತಕ್ಕದ್ದು ಎಂದಿರಿ. ಗಣಕ ಕೋಶವು ಪಟ್ಟಿಯನ್ನು ಮೂಲದಲ್ಲಿರುವಂತೆಯೇ, ಒಂದಕ್ಷರವನ್ನೂ ಬದಲಿಸದೆ ಟೈಪು ಮಾಡತಕ್ಕದ್ದು. ಕನ್ನಡ ಅಂಕಿಗಳನ್ನು ಇಂಗ್ಲಿಷ್ ಅಂಕಿಗಳಾಗಿ ಮಾರ್ಪಡಿಸಲು ಮಾತ್ರ ಅನುಮತಿ ಇದೆ. ಒಂದು ಗ್ರಾಮಕ್ಕೆ ಒಂದೇ ಕಮ್ಯಾಂಡು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ತಾಲ್ಲೂಕಿನ ದನಕರುಗಳು ಹೀಗೆ ಒಂದೊಂದೇ ಏಟಿಗೆ ಒಳಗೆ ಬಂದುಬಿಡುತ್ತವೆ ಎಂದು ತಾವು ಸಭೆಯಲ್ಲಿ ಹೇಳಿದ್ದನ್ನು ನಾನೂ ಕೇಳಿದ್ದೇನೆ. ಕೇಳಿ ಚಪ್ಪಾಳೆಯನ್ನೂ ತಟ್ಟಿದ್ದೆ, ಕ್ಷಮಿಸಿ.

ನಮ್ಮೂರಿನ ಪಟ್ಟಿ ಬರೆದವರು ನನ್ನ ಅಪ್ಪ, ಶಾಂತರಾಜಯ್ಯ. ಶ್ರವಣಬೆಳಗೊಳದ ಕಡೆಯ ನಮ್ಮ ಊರಿನಲ್ಲಿ ಇರುವ ಎರಡೇ ಜೈನರ ಮನೆಗಳಲ್ಲಿ ನಮ್ಮದೊಂದು. ಅಪ್ಪನಿಗೆ ಎಪ್ಪತ್ತಾರು. ಪಟ್ಟಣದ ಮಂಡಿಯೊಂದರಲ್ಲಿ ನಲವತ್ತು ವರ್ಷ ತೆಂಗಿನಕಾಯಿಯ ಎಣಿಕೆ ಬರೆದವರು. ಅವರ ಅಕ್ಷರ ಮುತ್ತು ಪೋಣಿಸಿದ ಹಾಗೆ. ಅದಕ್ಕೇ ಊರಿನವರು ಅವರ ಮನೆ ಬಾಗಿಲಿಗೆ ಬಂದು, "ಅಯ್ಯಾ, ನೀವೇ ಬರ್ಕೊಡಿ, ನಮ್ ಗೀಚು ಆಸನ್ದೋರ್ಗೆ ಎಲ್ಲಿ ಅರ್ಥವಾದಾತು" ಎಂದರು.

ಇನ್ನು ನಮ್ಮ ಕಡೆಯ ಎಣಿಕೆಯ ವಿಷಯ. ರಾಗಿ ಅಳೆಯಲಿ, ಕಾಯಿ ಎಣಿಸಲಿ, ನಮ್ಮ ಕಡೆ ಮೊದಲನೆಯದಕ್ಕೆ 'ಒಂದು' ಎನ್ನುವುದಿಲ್ಲ. 'ಲಾಭ' ಎನ್ನುತ್ತೇವೆ. ಲಾಭ, ಎರಡು, ಮೂರು, ನಾಲ್ಕು. ಎಣಿಕೆ ಶುಭದ ಮಾತಿನಿಂದ ಶುರುವಾಗಲಿ ಅಂತ. ತಾವು ಈ ಸೀಮೆಯವರೇ ಆಗಿದ್ದರೆ ತಮ್ಮ ಅಜ್ಜಿಯೂ ಮೊದಲ ಸೇರನ್ನು ಹಾಗೆಂದೇ ಅಳೆದು ಹಾಕಿರುತ್ತಾರೆ. ಬಹಳ ಜನ ಬಾಯಲ್ಲಿ ಲಾಭ ಎಂದು ಹೇಳಿ ಕಾಗದದ ಮೇಲೆ ಒಂದು ಎಂದು ಬರೆಯುತ್ತಾರೆ. ಅಪ್ಪ ಹಾಗಲ್ಲ. ಬಾಯಿಗೊಂದು ಕೈಗೊಂದು ಅವರಿಗೆ ಬಾರದು. ಮಂಡಿಯ ಪುಸ್ತಕದಲ್ಲೂ ಪ್ರತಿ ರಾಶಿಯ ಮೊದಲ ಸಾಲಿಗೆ 'ಲಾಭ' ಎಂದೇ ಬರೆದು, ಅದರ ಕೆಳಗೆ ೨, ೩ ಎಂದು ಇಳಿಯುತ್ತಿದ್ದರು. ನಲವತ್ತು ವರ್ಷದಲ್ಲಿ ಯಾವ ಸಾಹುಕಾರನೂ ಇದು ಅರ್ಥವಾಗಲಿಲ್ಲ ಎಂದು ಕರೆದು ಕೇಳಿದ್ದಿಲ್ಲ.

ಪಟ್ಟಿ ಬರೆಯಲು ಅಪ್ಪ ಮೊದಲು ಹೋದದ್ದು ಮುದ್ದಮ್ಮನ ಮನೆಗೆ. ಮುದ್ದಮ್ಮ ಅಂದರೆ ನಮ್ಮ ಹಿತ್ತಲಿನ ಆಚೆ ಮನೆಯವಳು, ಅರವತ್ತು ದಾಟಿದವಳು, ಒಂದೇ ಹಸು ಕಟ್ಟಿಕೊಂಡು ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕುವವಳು. ಅವಳ ಕೈಗುಣ ಊರಿಗೇ ಗೊತ್ತು. ಅವಳು ಬೋಣಿ ಮಾಡಿದರೆ ಅಂಗಡಿಯವನಿಗೆ ಸಂಜೆಯವರೆಗೆ ವ್ಯಾಪಾರ, ಅವಳು ಮೊದಲ ಮೊರ ಎತ್ತಿದರೆ ರಾಶಿ ಹುಲುಸು. ಹಾಗಾಗಿ ಅಪ್ಪ ಶಾಸ್ತ್ರಬದ್ಧವಾಗಿ ಅವಳ ಕೊಟ್ಟಿಗೆಯಿಂದಲೇ ಆರಂಭಿಸಿ, ಮೊದಲ ಕಾಲಂನಲ್ಲಿ ದಪ್ಪಗೆ 'ಲಾಭ' ಎಂದು ಬರೆದು, ಅದರ ಮುಂದೆ ಮುದ್ದಮ್ಮ, ಕೆಂದಿ, ಕೆಂಪು, ಐದು ವರ್ಷ, ಗಬ್ಬ ಎಂದು ತುಂಬಿಸಿದರು. ಮೂರು ದಿನ ಮನೆಮನೆ ತಿರುಗಿ ನೂರ ನಲವತ್ತಮೂರು ರಾಸು ಬರೆದರು. ಬರೆದು ಮುಗಿಸಿ ಪಟ್ಟಿಯನ್ನು ನನ್ನ ಮುಂದೆ ಹಿಡಿದು, "ಒಂದ್ಸಲ ಕಣ್ಣಾಡಿಸಮ್ಮ, ಕಂಪ್ಯೂಟರ್‌ನವರಿಗೆ ಸರಿ ಹೋಗುತ್ತೋ ಇಲ್ವೋ" ಎಂದರು. ನನಗೆ ಅವತ್ತು ಆತುರ, ಪರೀಕ್ಷೆಯ ಹೊತ್ತು. "ನಿಮ್ಮ ಅಕ್ಷರ ನೋಡೋಕೇನಿದೆಯಪ್ಪ, ಕಳಿಸಿ" ಎಂದುಬಿಟ್ಟೆ. ತಪ್ಪುಗಳ ಲೆಕ್ಕ ಹಾಕುವಾಗ ನನ್ನದನ್ನು ಬಚ್ಚಿಡುವುದಿಲ್ಲ, ಬರೆದುಕೊಳ್ಳಿ.

ಪಟ್ಟಿ ತಮ್ಮ ಕಚೇರಿಗೆ ಬಂತು. ಅಲ್ಲಿ ಏನಾಯಿತು ಎಂಬುದನ್ನು ಅರ್ಥ ಮಾಡಿಕೊಳ್ಳಲು ತಾವು ದಯವಿಟ್ಟು ನನ್ನ ಎರಡನೇ ವಾರದ ಪಾಠಕ್ಕೆ ಹಾಜರಾಗಬೇಕು. ಎಸ್‌ಕ್ಯುಎಲ್ ಎಂದರೆ ಕೋಷ್ಟಕದೊಡನೆ ಮಾತಾಡುವ ಭಾಷೆ. 'ಇನ್ಸರ್ಟ್ ಇಂಟು' ಎಂದು ಬರೆದು ಕೋಷ್ಟಕದ ಹೆಸರು ಹೇಳಬೇಕು. 'ವ್ಯಾಲ್ಯೂಸ್' ಎಂದು ಬರೆದು ಆವರಣ ತೆರೆದು ಒಂದು ಹಸುವಿನ ವಿವರ ಇಟ್ಟರೆ ಆ ಹಸು ಒಳಗೆ ಬರುತ್ತದೆ. ಆವರಣ ಮುಚ್ಚಿ, ಕಾಮಾ ಹಾಕಿ, ಮತ್ತೊಂದು ಆವರಣ ತೆರೆದರೆ ಎರಡನೇ ಹಸು. ಹೀಗೆ ಕಾಮಾ ಹಾಕುತ್ತಾ ಹೋದರೆ ಒಂದೇ ಕಮ್ಯಾಂಡಿನಲ್ಲಿ ಊರಿನ ದನವನ್ನೆಲ್ಲ ಒಳಕ್ಕೆ ಹೊಡೆಯಬಹುದು. ಬಹಳ ಅನುಕೂಲದ ಕೆಲಸ, ನಾನೂ ಮೆಚ್ಚುತ್ತೇನೆ. ಆದರೆ ಅದಕ್ಕೊಂದು ಕಟ್ಟುನಿಟ್ಟಿದೆ. ತಮ್ಮ ಕೋಷ್ಟಕದಂಥ ಕಡೆ ಒಂದೇ ಕಮ್ಯಾಂಡಿನಲ್ಲಿ ಬಂದವರು ಎಲ್ಲರೂ ಒಟ್ಟಿಗೆ ಒಳಗೆ, ಇಲ್ಲವೇ ಎಲ್ಲರೂ ಒಟ್ಟಿಗೆ ಹೊರಗೆ. ನೂರ ನಲವತ್ತಮೂರು ಸಾಲಿನಲ್ಲಿ ಒಂದು ಸಾಲು ಕೆಟ್ಟಿದ್ದರೂ ಯಂತ್ರ ಅಷ್ಟನ್ನೂ ವಾಪಸು ಕಳಿಸುತ್ತದೆ.

ಕ್ರಮಸಂಖ್ಯೆಯ ಕಾಲಂಗೆ ಅಂಕಿ ಬಿಟ್ಟು ಬೇರೇನೂ ಬರಬಾರದು ಎಂದು ತಮ್ಮ ಕೋಷ್ಟಕಕ್ಕೆ ಕಟ್ಟಪ್ಪಣೆ. ಒಂದಕ್ಷರವನ್ನೂ ಬದಲಿಸಬಾರದು ಎಂದು ತಮ್ಮ ಸಿಬ್ಬಂದಿಗೆ ಕಟ್ಟಪ್ಪಣೆ. ಎರಡೂ ಅಪ್ಪಣೆಗಳನ್ನು ಹೊರಡಿಸಿದವರು ತಾವೇ. ಎರಡೂ ಕಡೆಯವರು ಚಾಚೂ ತಪ್ಪದೆ ಪಾಲಿಸಿದರು. ಹುಡುಗಿ 'ಲಾಭ' ಎಂದೇ ಟೈಪು ಮಾಡಿದಳು, ಕೋಷ್ಟಕ ಆಗುವುದಿಲ್ಲ ಎಂದಿತು. ಹಾಗೆ ನಮ್ಮೂರಿನ ನೂರ ನಲವತ್ತಮೂರು ರಾಸು ಬಾಗಿಲಲ್ಲೇ ನಿಂತವು. ಅಸಲಿಗೆ ಕ್ರಮಸಂಖ್ಯೆಯನ್ನು ಟೈಪೇ ಮಾಡಬೇಕಿಲ್ಲ, ಕೋಷ್ಟಕ ತಾನೇ ಹಾಕಿಕೊಳ್ಳುತ್ತದೆ ಎಂಬುದು ಮೂರನೇ ವಾರದ ಪಾಠ. ಅದು ಈಗ ಬೇಡ, ಒಂದೇ ಸಲಕ್ಕೆ ಭಾರವಾದೀತು.

ಜುಲೈ ನಡುವಿನಲ್ಲಿ ಲಸಿಕೆ ಗಾಡಿ ಬಂತು. ಪಕ್ಕದ ಊರಿನಲ್ಲಿ ಚುಚ್ಚಿ ಮುಗಿಸಿ ನಮ್ಮೂರನ್ನು ದಾಟಿ ಹೊರಟಿತ್ತು. ಮುದ್ದಮ್ಮ ಅರಳಿಕಟ್ಟೆಯ ಹತ್ತಿರ ಕೆಂದಿಯನ್ನು ಹಿಡಿದುಕೊಂಡು ರಸ್ತೆಗೆ ಅಡ್ಡ ನಿಂತಳು. ಕೆಂದಿ ಈದು ಮೂರು ವಾರವಾಗಿತ್ತು, ಹೆಣ್ಣುಗರು ಹಿಂದೆಯೇ ಚಿಮ್ಮುತ್ತಿತ್ತು. ಗಾಡಿಯಿಂದ ಇಳಿದವರು ಪಶು ಪರೀಕ್ಷಕ ದೇವರಾಜ್. ಒಳ್ಳೆಯ ಮನುಷ್ಯ, ಅವರ ಮೇಲೆ ನನ್ನ ದೂರಿಲ್ಲ. ಅವರು ಫೋನು ತೆಗೆದು ನೋಡಿ, "ನಿಮ್ಮೂರಲ್ಲಿ ರಾಸೇ ಇಲ್ಲ ಕಣವ್ವಾ, ಸೊನ್ನೆ ಅಂತ ತೋರಿಸ್ತದೆ" ಎಂದರು. ಅವರು ಹಾಗೆ ಹೇಳುತ್ತಿರುವಾಗ ಕೆಂದಿ ಅವರ ಗಾಡಿಯ ಹಿಂಬದಿಯಲ್ಲಿ ಕಟ್ಟಿದ್ದ ಗೋಣಿಚೀಲವನ್ನು ಅಗಿಯುತ್ತಿತ್ತು.

"ಇದೇನ್ಲಾ ಮತ್ತೆ, ಮ್ಯಾಕೆನಾ?" ಎಂದಳು ಮುದ್ದಮ್ಮ.

"ಹಸಾ ಅಂತ ನಂಗೂ ಕಾಣ್ತದೆ ಕಣವ್ವಾ. ಫೋನಿಗೆ ಕಾಣ್ತಿಲ್ವಲ್ಲ."

"ಅದ್ಕೆ ಕಣ್ ತೋರ್ಸು ಓಗು, ಆಸನ್ದಾಗೆ ದೊಡ್ಡಾಸ್ಪತ್ರೆ ಐತೆ."

ಊರವರು ನಕ್ಕರು. ದೇವರಾಜರೂ ನಕ್ಕರು. ಗಾಡಿ ಹೊರಟು ಹೋಯಿತು.

ಅವತ್ತಿನಿಂದ ನನ್ನ ಹಾಸನ ಯಾತ್ರೆ ಶುರು. ಮೊದಲ ಸಲ ಸರ್ವರ್ ಇಲ್ಲ ಎಂದರು. ಎರಡನೇ ಸಲ ಸರ್ವರ್ ಇತ್ತು, ಸಾಹೇಬರು ಇರಲಿಲ್ಲ. ಆದರೂ ಗುಮಾಸ್ತರೊಬ್ಬರು ತಮ್ಮ ಕಚೇರಿಯ ದಫ್ತರು ತೆಗೆದು ತೋರಿಸಿದರು: 'ಮರಡಿಕೊಪ್ಪಲು, ೧೪೩ ರಾಸು, ಸೇರಿಸಲಾಗಿದೆ' ಎಂದು ಕೆಂಪು ಶಾಯಿಯಲ್ಲಿ ಸಹಿಯೊಂದಿಗೆ ಬರೆದಿತ್ತು. ಕಮ್ಯಾಂಡು ಒತ್ತಿದರೆ ಸಾಕು, ಸೇರಿಸಿದ ಹಾಗೆ ಎಂದು ತಮ್ಮಲ್ಲಿ ಲೆಕ್ಕವಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಗಾದೆಯನ್ನು ನಾನು ಕೇಳಿದ್ದೆ. ಜಾನುವಾರು ಕಚೇರಿಯಲ್ಲೇ ಅದನ್ನು ಕಣ್ಣಾರೆ ನೋಡುವ ಭಾಗ್ಯ ಬರುತ್ತದೆ ಎಂದು ತಿಳಿದಿರಲಿಲ್ಲ.

ಮೂರನೇ ಸಲ ಟೈಪು ಮಾಡಿದ ಹುಡುಗಿಯನ್ನೇ ಹುಡುಕಿ ಮಾತಾಡಿಸಿದೆ. ನಿಸರ್ಗ ಅಂತ, ಸಾಲಗಾಮೆಯವಳು, ಗುತ್ತಿಗೆಯ ಕೆಲಸ. ಪಾಪ, ಹೆದರಿಕೊಂಡೇ ಹಳೆಯ ಕಮ್ಯಾಂಡು ತೆಗೆದು ಇನ್ನೊಮ್ಮೆ ಒತ್ತಿ ತೋರಿಸಿದಳು. ತೆರೆಯ ಮೇಲೆ ಕೆಂಪಕ್ಷರದಲ್ಲಿ ಯಂತ್ರ ಏನು ಹೇಳಿತ್ತು ಗೊತ್ತೇ? ಸಾಲು ಒಂದು, ಕ್ರಮಸಂಖ್ಯೆ ಕಾಲಂ, 'ಲಾಭ' ಎಂಬುದು ಅಂಕಿಯಲ್ಲ. ಇಷ್ಟು ಸ್ಪಷ್ಟವಾಗಿ ಇದುವರೆಗೆ ಯಾವ ಕಚೇರಿಯೂ ನನಗೆ ಏನನ್ನೂ ಹೇಳಿದ್ದಿಲ್ಲ. ಯಾವ ಸಾಲು, ಯಾವ ಕಾಲಂ, ಏನು ತಪ್ಪು, ಎಲ್ಲವೂ ಇತ್ತು.

"ಇದು ಬಂದಾಗ ಯಾರಿಗೂ ಹೇಳಲಿಲ್ವೇನಮ್ಮ?" ಎಂದೆ.

"ಹೇಳ್ದೆ ಮೇಡಂ. ಕೆಂಪು ಬಂದ್ರೆ ವಿಂಡೋ ಕ್ಲೋಸ್ ಮಾಡಿ ಮುಂದಿನೂರು ತಗೋ ಅಂದ್ರು. ದಿನಕ್ಕೆ ಇಪ್ಪತ್ತು ಊರು ಮುಗಿಸ್ಬೇಕು."

ನನಗೆ ಮೊದಲು ನಗು ಬಂತು. ಅಪ್ಪನ ಆ ದಪ್ಪಕ್ಷರದ ಶುಭ ಪದ ಅಲ್ಲಿ ಕೆಂಪು ಹಚ್ಚಿಕೊಂಡು ಕೂತಿದ್ದನ್ನು ನೋಡಿ ನಿಸರ್ಗಳೂ ನಾನೂ ಬಾಯಿ ಮುಚ್ಚಿಕೊಂಡು ನಕ್ಕೆವು. ಇಷ್ಟೇ ತಾನೇ, 'ಲಾಭ' ಇದ್ದ ಕಡೆ ಒಂದರ ಅಂಕಿ ಹಾಕಿ ಒತ್ತಿದರೆ ಮುಗಿಯಿತು ಎಂದುಕೊಂಡೆ. ಆಗ ತಾವು ಒಳಗಿನಿಂದ ಬಂದಿರಿ.

ನೆನಪಿದೆಯೇ? ಹಸಿರು ಸೀರೆಯ ಹೆಂಗಸು, ಕೈಯಲ್ಲಿ ಕೊಡೆ. ನಾನು ವಿಷಯ ಹೇಳಿದೆ. ಮೂಲ ಪಟ್ಟಿಯನ್ನು ತಿದ್ದುವಂತಿಲ್ಲ ಎಂದಿರಿ. ಹಾಗಾದರೆ ಅಪ್ಪನನ್ನೇ ಕರೆತಂದು ಅವರ ಕೈಯಲ್ಲೇ ತಿದ್ದಿಸುತ್ತೇನೆ ಎಂದೆ. ಪಟ್ಟಿ ಕೊಡುವ ಗಡುವು ಮುಗಿದಿದೆ ಎಂದಿರಿ. ಹಾಗಾದರೆ ಪರಿಹಾರ ಏನು ಎಂದೆ. ತಾವು ತೆರೆಯನ್ನು ಎರಡು ಕ್ಷಣ ನೋಡಿ, ನಿಸರ್ಗಳಿಗೆ, "ಅಡ್ಡ ಬರ್ತಿರೋದು ಒಂದೇ ಸಾಲು ತಾನೇ? ಅದನ್ನ ತೆಗೆದುಹಾಕಿ ಒತ್ತಮ್ಮ" ಎಂದಿರಿ. ಅವಳು ತೆಗೆದಳು, ಒತ್ತಿದಳು. ನೂರ ನಲವತ್ತೆರಡು ಸಾಲು ಸೇರಿದವು. ತಾವು ನನ್ನ ಕಡೆ ತಿರುಗಿ, "ಆಯ್ತಲ್ಲ? ಸಿಹಿ ಹಂಚಿ" ಎಂದು ಹೇಳಿ ಒಳಗೆ ಹೋದಿರಿ.

ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡರು ಎಂದು ಕೇಳಿದ್ದೇವೆ. ಇಲ್ಲಿ ನೆಗಡಿ ತಮ್ಮದು, ಮೂಗು ಮುದ್ದಮ್ಮನದು. ಮಾನ್ಯರೇ, ಮದುವೆ ಮನೆಯಲ್ಲಿ ಪಂಕ್ತಿ ಕೂತಿದೆ ಎಂದುಕೊಳ್ಳಿ. ಮೊದಲು ಕೂತವರ ಎಲೆ ಹರಿದಿದೆ. ನಾವಾದರೆ ಏನು ಮಾಡುತ್ತೇವೆ? ಎಲೆ ಬದಲಿಸುತ್ತೇವೆ. ಒಂದು ಎಲೆ ಹರಿಯಿತೆಂದು ಇಡೀ ಪಂಕ್ತಿಯನ್ನು ಎಬ್ಬಿಸುವುದಿಲ್ಲ. ತಾವು ಅದನ್ನು ಜುಲೈನಲ್ಲಿ ಮಾಡಿದಿರಿ. ಹರಿದ ಎಲೆಯ ಮುಂದೆ ಕೂತವರನ್ನು ರಟ್ಟೆ ಹಿಡಿದು ಎಬ್ಬಿಸಿ ಕಳಿಸುವುದೂ ಇಲ್ಲ. ಅದನ್ನು ಆಗಸ್ಟಿನಲ್ಲಿ ಮಾಡಿದಿರಿ. ಎಲೆ ಬದಲಿಸುವ ಕೆಲಸವೊಂದು ಮಾತ್ರ ಇಂದಿಗೂ ಆಗಿಲ್ಲ.

ಆಗಸ್ಟಿನ ಮೂರನೇ ವಾರ ಗಾಡಿ ಮತ್ತೆ ಬಂತು. ಈ ಸಲ ಫೋನಿಗೆ ನಮ್ಮೂರಿನ ದನಗಳು ಕಂಡವು. ಒಂದೊಂದೇ ಹೆಸರು ಕೂಗಿ, ಫೋನಿನಲ್ಲಿ ಗುರುತು ಹಾಕಿ, ನೂರ ನಲವತ್ತೆರಡಕ್ಕೆ ಚುಚ್ಚಿದರು. ಮುದ್ದಮ್ಮ ಬೆಳಿಗ್ಗೆ ಏಳಕ್ಕೇ ಬಂದು ಎಲ್ಲರಿಗಿಂತ ಮುಂದೆ ನಿಂತಿದ್ದಳು. ಮಧ್ಯಾಹ್ನ ಎರಡಾದರೂ ಅವಳ ಹೆಸರು ಬರಲಿಲ್ಲ. ಕೊನೆಗೆ ಕಟ್ಟೆಯ ಹತ್ತಿರ ಉಳಿದದ್ದು ಅವಳು, ಕೆಂದಿ, ಕರು.

"ಸೂಜಿ ನನ್ ಕೈಲೇ ಐತೆ ಕಣವ್ವಾ," ಎಂದರು ದೇವರಾಜ್. ಅವರ ಮುಖ ಸಪ್ಪಗಾಗಿತ್ತು. "ಔಷಧಿನೂ ಉಳಿದೈತೆ. ಫೋನು ಬಿಡ್ತಿಲ್ಲ. ಲೆಕ್ಕಕ್ಕೆ ಒಂದು ಡೋಸ್ ಹೆಚ್ಚು ಕಮ್ಮಿಯಾದ್ರೆ ನನ್ನನ್ನ ಮನೆಗೆ ಕಳಿಸ್ತಾರೆ. ಹೋದ ಸಲ ಒಬ್ರನ್ನ ಕಳಿಸವ್ರೆ."

"ಫೋನ್ಗೆ ಯಾಕ್ಲಾ ಚುಚ್ತೀಯೆ, ಅಸೀಗೆ ಚುಚ್ಚು."

"ಹೆಸ್ರು ಬರ್ಬೇಕಲ್ಲವ್ವಾ."

"ಎಸ್ರು ಇಲ್ವಾ? ಶಾಂತರಾಜಯ್ಯ ನನ್ ಕಣ್ಮುಂದೇನೆ ಬರ್ದವ್ರೆ. ಎಲ್ಲಾರ್ಗಿಂತ ಮೊದ್ಲು ನಂದೇ ಬರ್ದವ್ರೆ. ಲಾಭ ಅಂತ ಬರ್ದವ್ರೆ!"

ಅಪ್ಪ ಅಲ್ಲೇ ನಿಂತಿದ್ದರು. ಉಳಿದ ಔಷಧಿಯನ್ನು ನಿಯಮದ ಪ್ರಕಾರ ಐಸಿನ ಪೆಟ್ಟಿಗೆಯಲ್ಲಿಟ್ಟು ಹಾಸನಕ್ಕೆ ವಾಪಸು ಕಳಿಸಲಾಯಿತು.

ಮರುದಿನವೇ ನಾನು ಅರ್ಜಿ ಹಾಕಿದೆ. ಬಿಟ್ಟುಹೋದ ಒಂದು ಸಾಲನ್ನು ಸೇರಿಸಿ ಎಂದು. ತಮ್ಮ ಕಚೇರಿಯ ಲಿಖಿತ ಉತ್ತರ ನನ್ನ ಬಳಿಯಿದೆ, ಚೌಕಟ್ಟು ಹಾಕಿಸುವ ಯೋಚನೆಯಿದೆ. 'ಕೋಶದ ದಕ್ಷತೆಯ ದೃಷ್ಟಿಯಿಂದ ಏಕ ಸಾಲಿನ ಸೇರ್ಪಡೆಯನ್ನು ನಿಲ್ಲಿಸಲಾಗಿದೆ. ಬಹುಸಾಲು ಸೇರ್ಪಡೆಗೆ ಮಾತ್ರ ಅವಕಾಶವಿದ್ದು, ಕನಿಷ್ಠ ಹತ್ತು ಸಾಲುಗಳಿರತಕ್ಕದ್ದು. ಉಳಿದ ಒಂಬತ್ತು ರಾಸುಗಳ ವಿವರದೊಂದಿಗೆ ಮರುಅರ್ಜಿ ಸಲ್ಲಿಸಿ.' ನಾನು ಇದನ್ನು ಮುದ್ದಮ್ಮನಿಗೆ ಓದಿ ಹೇಳಿದೆ. "ಒಂಬತ್ತು ಅಸ ತರಾಕೆ ನಾನೇನು ದನಿನ ಜಾತ್ರೆ ಕಟ್ಟಿವ್ನಾ ಬ್ರಾಹ್ಮಿಯಮ್ಮಾ?" ಎಂದಳು.

ನನಗೂ ಅದೇ ಪ್ರಶ್ನೆ. ಹತ್ತು ಸಾಲು ಬೇಕು ಎಂದು ತಮಗೆ ಯಾರು ಹೇಳಿದರು? ಯಂತ್ರವಂತೂ ಹೇಳಿಲ್ಲ. ಒಂದು ಆವರಣವಿದ್ದರೂ ಅದೇ ಕಮ್ಯಾಂಡು, ನೂರಿದ್ದರೂ ಅದೇ ಕಮ್ಯಾಂಡು. ಹಲವು ಸಾಲುಗಳನ್ನು ಒಟ್ಟಿಗೆ ಸೇರಿಸುವುದು ಒಂದು ಸೌಕರ್ಯ. ಬಸ್ಸಿನಲ್ಲಿ ಐವತ್ತು ಜನ ಹೋಗಬಹುದು ಎಂಬುದು ಸೌಕರ್ಯ. ಐವತ್ತು ಜನ ಸೇರುವವರೆಗೆ ಒಬ್ಬ ಬಾಣಂತಿಯನ್ನೂ ಹತ್ತಿಸುವುದಿಲ್ಲ ಎಂದರೆ ಅದನ್ನು ಏನೆಂದು ಕರೆಯುತ್ತಾರೆ ಸ್ವಾಮಿ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಯಂತ್ರ ಕೊಡುತ್ತೇನೆ ಎನ್ನುತ್ತಿದೆ, ಅದರ ಮುಂದೆ ಕೂತವರು ಬೇಡ ಎನ್ನುತ್ತಿದ್ದಾರೆ. ನನ್ನ ವಿದ್ಯಾರ್ಥಿಗಳಿಗೆ ಹದಿನೇಳು ವರ್ಷದಿಂದ ಹೇಳುತ್ತಾ ಬಂದಿದ್ದೇನೆ, ಯಂತ್ರ ಸುಳ್ಳು ಹೇಳುವುದಿಲ್ಲ, ಅದು ಹೇಳಿದ್ದನ್ನು ಓದಿ ಎಂದು. ಅದನ್ನು ಓದದೆ ಕಿಟಕಿ ಮುಚ್ಚುವವರಿಗೆ ಪಾಠ ಹೇಳುವ ಬಗೆ ಮಾತ್ರ ನನಗೆ ಇಂದಿಗೂ ಗೊತ್ತಿಲ್ಲ.

ಸೆಪ್ಟೆಂಬರಿನಲ್ಲಿ ಜ್ವರ ಬಂತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಪಕ್ಕದೂರಿನ ಸಂತೆಯಿಂದ ಬಂತು ಎನ್ನುತ್ತಾರೆ. ಲಸಿಕೆ ಬಿದ್ದಿದ್ದ ನೂರ ನಲವತ್ತೆರಡರಲ್ಲಿ ಒಂದಕ್ಕೂ ಏನೂ ಆಗಲಿಲ್ಲ, ತಮ್ಮ ಲಸಿಕೆ ನಿಜಕ್ಕೂ ಒಳ್ಳೆಯದು. ಕೆಂದಿಯ ಬಾಯಲ್ಲಿ ನೊರೆ ಬಂತು. ನಾಲಿಗೆಯ ಮೇಲೆ ಗುಳ್ಳೆ, ಗೊರಸಿನ ಸಂದಿಯಲ್ಲಿ ಹುಣ್ಣು. ನಿಲ್ಲಲಾರದೆ ಒಂದೊಂದೇ ಕಾಲು ಎತ್ತಿ ಎತ್ತಿ ಇಡುತ್ತಿತ್ತು. ಮುದ್ದಮ್ಮ ಗಂಜಿ ಮಾಡಿ ಕೈಯಲ್ಲಿ ಬಾಯಿಗೆ ಹಾಕುತ್ತಿದ್ದಳು, ಅದು ನುಂಗಲಾರದೆ ಅವಳ ಕೈಯನ್ನೇ ನೆಕ್ಕುತ್ತಿತ್ತು. ಸಣ್ಣ ಕರುವಿಗೆ ಈ ಲಸಿಕೆ ಹಾಕುವಂತಿಲ್ಲ, ತಾಯಿಗೆ ಬಾರದಿದ್ದರೆ ಕರುವೂ ಉಳಿಯುತ್ತದೆ ಎಂದು ದೇವರಾಜ್ ಹೇಳಿದ್ದರು. ತಾಯಿಗೆ ಬಂತು. ಐದನೇ ದಿನ ಬೆಳಿಗ್ಗೆ ಕರು ಮೊಲೆಗೆ ಬಾಯಿ ಹಾಕಲು ಹೋಗಿ ಅಲ್ಲೇ ಮಂಡಿಯೂರಿ ಬಿತ್ತು. ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಮುದ್ದಮ್ಮ ಅಳುತ್ತಿರಲಿಲ್ಲ. ಕೆಂದಿ ಕರುವನ್ನು ಮೂಸಿ ಮೂಸಿ ಕೂಗುತ್ತಿತ್ತು, ಅದರ ಕುತ್ತಿಗೆ ತಬ್ಬಿಕೊಂಡು, "ಸುಮ್ಕಿರವ್ವಾ, ಸುಮ್ಕಿರು" ಎನ್ನುತ್ತಿದ್ದಳು. ನನಗೆ ಅವತ್ತು ತಮ್ಮ ಮೇಲೆ ಬಂದ ಸಿಟ್ಟನ್ನು ಇಲ್ಲಿ ಬರೆದರೆ ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ.

ದೇವರಾಜ್ ಬಂದು ಕರುವಿನ ಸಾವನ್ನು ದಾಖಲು ಮಾಡಲು ಫೋನು ತೆಗೆದರು. ಫೋನು ತಾಯಿಯ ಕ್ರಮಸಂಖ್ಯೆ ಕೇಳಿತು. ತಾಯಿ ಕೋಷ್ಟಕದಲ್ಲಿಲ್ಲ. ತಾಯಿಯ ಸಾಲಿಲ್ಲದೆ ಕರುವಿನ ಸಾಲು ಇಲ್ಲ, ಕರುವಿನ ಸಾಲಿಲ್ಲದೆ ಅದರ ಸಾವೂ ಇಲ್ಲ. ತಮ್ಮ ಕೋಷ್ಟಕದ ಪ್ರಕಾರ ಮುದ್ದಮ್ಮನ ಕೊಟ್ಟಿಗೆಯಲ್ಲಿ ಇಲ್ಲದ ಹಸುವಿಗೆ ಹುಟ್ಟದ ಕರು ಸತ್ತಿಲ್ಲ. ಈ ಜಿಲ್ಲೆಯಲ್ಲಿ ಆ ತಿಂಗಳು ಕಾಲುಬಾಯಿ ಜ್ವರದಿಂದ ಸತ್ತ ರಾಸುಗಳು ಸೊನ್ನೆ ಎಂದು ತಾವು ಹೇಳಿಕೆ ಕೊಟ್ಟಾಗ ತಾವು ಸುಳ್ಳು ಹೇಳುತ್ತಿರಲಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ನಾವು ಹಿತ್ತಲಿನ ಬೇಲಿಯ ಪಕ್ಕ ಗುಂಡಿ ತೋಡಿ ಉಪ್ಪು ಹಾಕಿ ಮುಚ್ಚಿದ್ದು ಏನನ್ನು ಎಂದು ಮಾತ್ರ ತಾವು ತಿಳಿಸಿಕೊಡಬೇಕು.

ನವೆಂಬರಿನಲ್ಲಿ ತಮಗೆ ಶಾಲು ಹೊದಿಸಿದರು. ಪೇಪರಿನಲ್ಲಿ ಫೋಟೋ ನೋಡಿದೆ, ಹಾರ ಚೆನ್ನಾಗಿತ್ತು. ನಮ್ಮ ಗ್ರಾಮದ ನೋಂದಣಿ ಸಾಧನೆ ಶೇಕಡಾ ತೊಂಬತ್ತೊಂಬತ್ತು ಪಾಯಿಂಟ್ ಮೂರು ಎಂದು ಅಲ್ಲಿ ಹಾಕಿದ್ದರು. ಲೆಕ್ಕ ಸರಿಯಾಗಿಯೇ ಇದೆ, ನಾನು ತಾಳೆ ನೋಡಿದೆ. ಉಳಿದ ಪಾಯಿಂಟ್ ಏಳು ಈಗ ಕುಂಟುತ್ತಾ ನಮ್ಮ ಹಿತ್ತಲಿನ ಆಚೆ ಮೇಯುತ್ತಿದೆ. ಅದು ಹಾಲು ಬತ್ತಿಸಿಕೊಂಡಿದೆ, ಆದರೆ ಬದುಕಿದೆ. ಹುಣ್ಣು ಮಾಗಿ ಈಗ ಒಂದಷ್ಟು ಮೇವು ಮುಟ್ಟುತ್ತಿದೆ. ಮುದ್ದಮ್ಮ ಅದನ್ನು ಮಾರುವುದಿಲ್ಲವಂತೆ. ಇನ್ನೊಮ್ಮೆ ಆ ಜ್ವರ ಬಂದರೆ ಕೆಂದಿ ತಡೆಯುವುದಿಲ್ಲ ಎಂದು ದೇವರಾಜ್ ಹೇಳಿದ್ದಾರೆ. ಅದಕ್ಕೇ ಹನ್ನೆರಡನೇ ತಾರೀಖಿನೊಳಗೆ ಎನ್ನುತ್ತಿದ್ದೇನೆ.

ಈ ಪತ್ರವನ್ನು ನಾನು ಇನ್ನೂ ಒಂದು ತಿಂಗಳು ತಡೆಯುತ್ತಿದ್ದೆನೋ ಏನೋ. ಹೋದ ಭಾನುವಾರ ಮನೆಯಲ್ಲಿ ಕಾಯಿ ಕೆಡವಿಸಿದ್ದೆವು. ಅಂಗಳದಲ್ಲಿ ರಾಶಿ ಹಾಕಿ ಅಪ್ಪ ಎಣಿಸಲು ಕೂತರು. ಮುದ್ದಮ್ಮ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದಳು. ಅಪ್ಪ ಮೊದಲ ಕಾಯಿ ಎತ್ತಿದರು. ಬಾಯಿ ತೆರೆದರು, ತಡೆದರು. ನನ್ನ ಕಡೆ ಒಂದು ಸಲ ನೋಡಿದರು. ಆಮೇಲೆ, ಬಹಳ ಮೆಲ್ಲಗೆ, "ಒಂದು" ಎಂದರು.

ನಾನು ಹುಟ್ಟಿದಾಗಿನಿಂದ ಅವರ ಬಾಯಲ್ಲಿ ಎಣಿಕೆ ಆ ಮಾತಿನಿಂದ ಶುರುವಾದದ್ದನ್ನು ನಾನು ಕೇಳಿರಲಿಲ್ಲ.

ಮುದ್ದಮ್ಮನೂ ಕೇಳಿಸಿಕೊಂಡಳು. "ಅಯ್ಯಾ, ಇದ್ಯಾಕೆ ಇಂಗೆ? ಲಾಭ ಅನ್ನಿ" ಎಂದಳು. ಅಪ್ಪ ಕೈಯಲ್ಲಿದ್ದ ಕಾಯಿಯನ್ನು ಪಕ್ಕಕ್ಕಿಟ್ಟರು. "ನನ್ ಕರ ಓದ್ರೆ ಓಯ್ತು ಕಣಯ್ಯಾ. ನೀವ್ ಸುಭವಾಗ್ಲಿ ಅಂತ್ಲೇ ಬರ್ದಿದ್ದು. ಅನ್ನಿ, ಲಾಭ ಅನ್ನಿ."

"ಎರಡು," ಎಂದರು ಅಪ್ಪ, ಮುಂದಿನ ಕಾಯಿ ಎತ್ತಿ.

ಮಾನ್ಯರೇ, ನನಗೆ ವಿಚಾರಣೆ ಬೇಡ, ತಮ್ಮ ಶಾಲು ವಾಪಸು ಬೇಡ, ನಿಸರ್ಗಳನ್ನು ಕೆಲಸದಿಂದ ತೆಗೆಯುವುದಂತೂ ಬೇಡವೇ ಬೇಡ. ಬೇಕಾದದ್ದು ಎರಡು. ಮೊದಲನೆಯದು ಆ ಸಾಲು. ಕಮ್ಯಾಂಡನ್ನು ನಾನೇ ಬರೆದು, ನನ್ನ ಕಂಪ್ಯೂಟರಿನಲ್ಲಿ ಮೂರು ಸಲ ಪರೀಕ್ಷಿಸಿ, ಈ ಪತ್ರದ ಪ್ರತಿಯೊಂದಿಗೆ ತಮ್ಮ ಕಚೇರಿಗೆ ಕಳಿಸಿದ್ದೇನೆ. ಒಂದೇ ಆವರಣ, ಒಂದೇ ಸೆಮಿಕೋಲನ್. ತಮ್ಮ ಕೋಷ್ಟಕದಲ್ಲಿ ಮರಡಿಕೊಪ್ಪಲು ತೆಗೆದು ನೋಡಿ, ಪಟ್ಟಿ ಎರಡರಿಂದ ಶುರುವಾಗಿ ನೂರ ನಲವತ್ತಮೂರಕ್ಕೆ ಮುಗಿಯುತ್ತದೆ. ಐದು ತಿಂಗಳಿಂದ ಅದು ಹಾಗೇ ಇದೆ, ಎರಡಕ್ಕೆ ಮೊದಲು ಏನಿತ್ತು ಎಂದು ತಮ್ಮಲ್ಲಿ ಯಾರೂ ಕೇಳಿಲ್ಲ. ಒಂದನೆಯ ಜಾಗ ಖಾಲಿಯೇ ಇದೆ, ಕೆಂದಿಯನ್ನು ಅಲ್ಲಿ ಕಟ್ಟಿ. ಕ್ರಮಸಂಖ್ಯೆಯ ಕಡೆ ನಾನು ಅಂಕಿಯನ್ನೇ ಹಾಕಿದ್ದೇನೆ, ತಮ್ಮ ಯಂತ್ರಕ್ಕೆ ತೊಂದರೆಯಾಗದು.

ಎರಡನೆಯದು ಸ್ವಲ್ಪ ಕಷ್ಟದ್ದು. ಹನ್ನೆರಡನೇ ತಾರೀಖು ಗಾಡಿಯ ಜೊತೆಗೆ ತಾವೂ ನಮ್ಮೂರಿಗೆ ಬರಬೇಕು. ಬಂದು ಅರಳಿಕಟ್ಟೆಯ ಹತ್ತಿರ, ಊರವರ ಮುಂದೆ, ನನ್ನ ಅಪ್ಪನಿಗೆ ಒಂದು ಮಾತು ಹೇಳಬೇಕು: ತಪ್ಪು ಪಟ್ಟಿಯದಲ್ಲ, ಓದದವರದು ಎಂದು. ನಾನು ಹೇಳಿ ಸಾಕಾಗಿದೆ. ಮಗಳು ಸಮಾಧಾನಕ್ಕೆ ಹೇಳುತ್ತಾಳೆ ಎಂದು ಅವರು ತಿಳಿಯುತ್ತಾರೆ. ಕಚೇರಿಯವರು ಹೇಳಿದರೆ ನಂಬುತ್ತಾರೆ, ಅವರ ಕಾಲದವರು ಹಾಗೆ. ತಾವು ಹೇಳಿ ಹೋದ ಮೇಲೆ ಕಾಯಿಯ ರಾಶಿ ಇನ್ನೊಂದು ಬಾಕಿ ಇದೆ, ಅದನ್ನು ಅವರ ಮುಂದೆ ಇಡುತ್ತೇನೆ. ಅವರು ಏನೆಂದು ಶುರು ಮಾಡುತ್ತಾರೆ ಎಂದು ಕೇಳಬೇಕು ನನಗೆ.

ಇಂತಿ,
ಅಪ್ಪ ಪಟ್ಟಿ ಹಿಡಿದು ನಿಂತಾಗ ಒಂದು ಸಲ ಕಣ್ಣಾಡಿಸಲು ಪುರುಸೊತ್ತಿಲ್ಲದೆ ಹೋದ ಕಂಪ್ಯೂಟರ್ ಮೇಡಂ,
ಬ್ರಾಹ್ಮಿ ಶಾಂತರಾಜಯ್ಯ
ಮರಡಿಕೊಪ್ಪಲು, ಚನ್ನರಾಯಪಟ್ಟಣ ತಾಲ್ಲೂಕು